ಥಂಡಿಯಲ್ಲದ ತಲೆನೋವು

ಅಗ್ಗಿಷ್ಟಿಗೆಯ ಮುಂದೆ ಕೂತರೆ ತಂಗಿಯ ಬಾಣಂತನದ ಮಾತು ಬಂದೇ ಬರುತ್ತದೆ. ಮುದ್ದೇಬಿಹಾಳದ ಕಡೆ ಕೊಟ್ಟ ಹುಡುಗಿ, ಚೊಚ್ಚಲ ಹೆರಿಗೆಗೆ ಸಿಂದಗಿ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಜೇರಿಯನ್ ಮಾಡಿದರು. ಗಂಡು ಕೂಸು, ಎಲ್ಲ ಸುಸೂತ್ರ. ಮನೆಗೆ ಬಂದಮೇಲೆ ತಲೆನೋವು ಶುರುವಾಯಿತು. ಹಾಲು ಕುಡಿಸಲು ಎದ್ದು ಕೂತರೆ ಹಣೆಯಿಂದ ಕುತ್ತಿಗೆವರೆಗೆ ಹಿಂಡುವ ನೋವು, ಮಲಗಿದರೆ ಮಾಯ.

"ಥಂಡಿ ಹತ್ತೇದ, ಮತ್ತೇನಲ್ಲ," ಎಂದಳು ಆಯಿ. ಕಿವಿಗೆ ಅರಳೆ, ತಲೆಗೆ ಬಿಗಿದ ಬಟ್ಟೆ, ಹೊರಸಿನ ಕೆಳಗೆ ಕುಳ್ಳಿನ ಕೆಂಡ. ನೀರು ಮಾತ್ರ ಗುಟುಕಿನ ಲೆಕ್ಕ. ಓಣಿಯವರು ಬಂದು ಇಂಡಿಯವಳ ಕಥೆ, ಬಾಗೇವಾಡಿಯವಳ ಕಥೆ ಹೇಳಿದರು: ಬೆನ್ನಿಗೆ ಸೂಜಿ ಹಾಕಿಸಿಕೊಂಡವಳು ಮುಂದೆ ಸೊಂಟ ಎತ್ತಲೇ ಇಲ್ಲವಂತೆ. ಬೆಂಕಿಯ ಮುಂದೆ ಅಂತೆಕಂತೆಗೆ ಬರವೇ?

ಕಡೆಗೆ ಮತ್ತೆ ಆಸ್ಪತ್ರೆಗೆ ಕರೆದೊಯ್ದೆವು. ಅರಿವಳಿಕೆ ಡಾಕ್ಟರು ಮೊದಲು ಕೇಳಿದ್ದು ಒಂದೇ: "ಮಲಗಿದರ ಕಡಿಮಿ ಆಗ್ತದೇನವಾ?" ಹೌದೆಂದಳು. ಬೆನ್ನುಹುರಿಯ ಸುತ್ತಲಿನ ಪೊರೆಯಲ್ಲಿ ಸೂಜಿಯ ತೂತು ಉಳಿದು, ಒಳಗಿನ ದ್ರವ ಸೋರುತ್ತಿದೆ. ಅದಕ್ಕೇ ಎದ್ದಾಗ ನೋವು ಎಂದರು. ಹುರಿ ಸೊಂಟದ ಮೊದಲೆರಡು ಮಣಿಗಳ ಹತ್ತಿರವೇ ಮುಗಿಯುತ್ತದೆ, ಸೂಜಿ ಹಾಕುವುದು ಅದರ ಕೆಳಗೆ, ಹಾಗಾಗಿ ಹುರಿಗೆ ಪೆಟ್ಟಾಗುವುದು ಬಲು ಅಪರೂಪ. ಅವರು ಸಿಟ್ಟಾದದ್ದು ನೀರಿನ ವಿಷಯಕ್ಕೆ. ನೀರು ಬಿಡಿಸಿದ ಬಾಣಂತಿಗೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಗುಳಿಗೆ, ಬೇಕಾದಷ್ಟು ನೀರು, ಚಹಾ ಎಂದರು. ಇಷ್ಟಕ್ಕೂ ನಿಲ್ಲದಿದ್ದರೆ ಅವಳದೇ ಕೈಯ ರಕ್ತ ತೆಗೆದು ಬೆನ್ನಲ್ಲಿ ಪೊರೆಯ ಹೊರಗೆ ಬಿಟ್ಟು ತೂತು ಮುಚ್ಚುತ್ತಾರಂತೆ. ಅದು ಬೇಕಾಗಲಿಲ್ಲ.

ಈ ನೋವು ಈ ಇಂಜೆಕ್ಷನ್ನಿನಷ್ಟೇ ಹಳೆಯದು. 1898ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ ತನ್ನ ಬೆನ್ನಿಗೇ ಸೂಜಿ ಹಾಕಿಸಿಕೊಂಡ. ಸಿರಿಂಜು ಸೂಜಿಗೆ ಸರಿಯಾಗಿ ಕೂರದೆ ದ್ರವ ಸುರಿದುಹೋಯಿತು. ಆಮೇಲೆ ಸಹಾಯಕ ಹಿಲ್ಡೆಬ್ರಾಂಟನ ಬೆನ್ನಿಗೆ ಕೊಕೇನ್ ಕೊಟ್ಟು, ಅವನ ಮೊಣಕಾಲ ಕೆಳಗೆ ಸುತ್ತಿಗೆಯಿಂದ ಹೊಡೆದು, ಉರಿಯುವ ಸಿಗಾರ್ ಒತ್ತಿ ನೋಡಿದ. ನೋವೇ ಇಲ್ಲ! ಇಬ್ಬರೂ ವೈನ್ ಕುಡಿದು ಸಂಭ್ರಮಿಸಿದರು. ಮರುದಿನದಿಂದ ಬಿಯರ್‌ಗೆ ಎದ್ದರೆ ತಲೆಸುತ್ತು, ತಲೆನೋವು; ಮಲಗಿದರೆ ಆರಾಮ. ಒಂಬತ್ತು ದಿನ ಹಾಸಿಗೆ ಹಿಡಿದ. ಅವನ ಕಾಲದ ಸೂಜಿ ದಪ್ಪ. ಈಗಿನದು ಬಹಳ ಸಣ್ಣದು, ಅದಕ್ಕೇ ಈ ತೊಂದರೆ ಕಡಿಮೆಯಾಗಿದೆ.

ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಬೆನ್ನಿನ ಸೂಜಿಗೆ ಮೊದಲೇ ಡಾಕ್ಟರಿಗೆ ಹೇಳಿರಿ. ಸೂಜಿಯಾದ ಮೇಲೆ ಕಾಲಿನ ಜೋಮು ಕೆಲವು ತಾಸಿನಲ್ಲಿ ಇಳಿಯದಿದ್ದರೆ, ಇಳಿದ ಮೇಲೆ ಮತ್ತೆ ಬಂದರೆ, ಮೂತ್ರ ಕಟ್ಟಿದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಫಿಟ್ಸ್ ಬಂದರೆ, ಮಲಗಿದರೂ ತಲೆನೋವು ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.