ಬಾಣಂತಿಕೋಣೆಯಲ್ಲಿ ಹೊಗೆಬಂಡಿ

ಪಾಠಶಾಲೆಯಲ್ಲಿ ವ್ಯಾಕರಣ ಓದಿ, ಅರುವತ್ತೈದು ದಾಟಿದ ಉಪಾಧ್ಯಾಯನೊಬ್ಬನು ಆಟದ ರೈಲಿಗಾಗಿ ಮನೆಯೆಲ್ಲ ಸ್ಥಳ ಹುಡುಕಿದನೆಂದರೆ ವಾಚಕರು ನಗುವುದು ಸಹಜವೇ. ನನ್ನ ಮನೆಯಲ್ಲಿಯೂ ನಕ್ಕರು.

ಜರ್ಮನಿಯಲ್ಲಿರುವ ಮಗನು ಕಳೆದ ವರ್ಷ ಬಂದಾಗ ಮೊಮ್ಮಗನಿಗೆಂದು ಒಂದು ಪೆಟ್ಟಿಗೆಯನ್ನು ತಂದನು. ಹುಡುಗನು ಮೂರು ವಾರ ಆಡಿ ಹಿಂದಿರುಗಿದನು; ಪೆಟ್ಟಿಗೆ ನನ್ನಲ್ಲಿ ಉಳಿಯಿತು. ಅದನ್ನು ಆಟಿಕೆಯೆನ್ನಲು ನನಗೆ ಮನಸ್ಸು ಬಾರದು. ನಿಜವಾದ ಬಂಡಿಯ 87ರಲ್ಲೊಂದಂಶ. ಅಲ್ಲಿಯ 1435 ಮಿಲಿಮೀಟರಿನ ಹಳಿಯಂತರವು ಇಲ್ಲಿ 16.5ಕ್ಕೆ ಇಳಿದಿದೆ. ಪಾಠಶಾಲೆಯ ಕಿಟಕಿಯಿಂದ ಮೀಟರ್ ಗೇಜಿನ ಹೊಗೆಬಂಡಿಯನ್ನು ನೋಡುತ್ತ ಧಾತುರೂಪಗಳನ್ನು ಮರೆತು ಏಟು ತಿಂದವನು ನಾನು.

ವಾಸ್ತುಶಾಸ್ತ್ರವು ಅಡುಗೆಗೆ ಆಗ್ನೇಯವನ್ನೂ ದೇವರಿಗೆ ಈಶಾನ್ಯವನ್ನೂ ವಿಧಿಸಿದೆ. ಹೊಗೆಬಂಡಿಯ ವಿಷಯದಲ್ಲಿ ಮೌನ. ಮೊದಲು ಅಟ್ಟವನ್ನು ನೋಡಿದೆನು. ಹೆಂಚಿನ ಕೆಳಗಿನ ಬೇಸಗೆಯ ಕಾವಿಗೆ ಹಳಿಗಳು ಹಿಗ್ಗಿ, ಸಂದು ಬಿಡದಿದ್ದರೆ ಡೊಂಕಾಗುತ್ತವೆ. ಇಲಿಗಳ ಉಪದ್ರವ ಬೇರೆ. ಜಗಲಿಯಲ್ಲಿ ಮಳೆಯ ಇರಚಲು, ಧೂಳು. ಹಳಿಯ ಮೇಲೆ ಧೂಳಿನದೊಂದು ಪೊರೆ ಕುಳಿತರೆ ಸಾಕು, ವಿದ್ಯುತ್ತು ಚಕ್ರಕ್ಕೆ ಮುಟ್ಟದೆ ಬಂಡಿ ನಿಂತಲ್ಲಿಯೇ ನಿಲ್ಲುವುದು. ನಡುಮನೆಯಲ್ಲಿ ಹಾಸಿದರೆ ಊಟದ ಹೊತ್ತಿಗೆ ಎತ್ತಬೇಕು.

ಉಳಿದದ್ದು ಬಾಣಂತಿಕೋಣೆ. ಹತ್ತಡಿ ಉದ್ದ, ಏಳಡಿ ಅಗಲ. ಬಿಸಿಲು ತಾಗದು, ಗಾಳಿ ನುಗ್ಗದು, ಶೀತವೂ ಇಲ್ಲ. ಹಸುಗೂಸಿಗಾಗಿ ಹಿರಿಯರು ಬಯಸಿದ ಗುಣಗಳೇ ಹಳಿಗೂ ಬೇಕಾದವು! ನಾನು ಹುಟ್ಟಿದ್ದು ಅಲ್ಲಿ. ನನ್ನ ತಂಗಿಯರ ಬಾಣಂತನ ನಡೆದದ್ದು ಅಲ್ಲಿ. ಕಡೆಯದಾಗಿ ನನ್ನ ಮಗಳದು, ಅದಾಗಿ ಹನ್ನೊಂದು ವರ್ಷ.

ನಾನು ಗೋಡೆಯನ್ನು ಅಳೆಯುತ್ತಿದ್ದಾಗ ನನ್ನಾಕೆ ಬಾಗಿಲಲ್ಲಿ ಬಂದು ನಿಂತಳು. “ಹಾಗಾದರೆ ಇನ್ನು ಈ ಮನೆಯಲ್ಲಿ ತೊಟ್ಟಿಲು ಕಟ್ಟುವುದಿಲ್ಲವೆಂದು ನೀವೇ ತೀರ್ಮಾನ ಮಾಡಿಬಿಟ್ಟಿರಿ” ಎಂದಳು. ಮಗಳಿಗೆ ನಲವತ್ತು ಸಮೀಪಿಸಿದೆ, ಸೊಸೆ ಸಮುದ್ರದಾಚೆ. ಇವೆರಡನ್ನೂ ಅವಳು ನನಗಿಂತ ಚೆನ್ನಾಗಿ ಬಲ್ಲಳು. ನಾನು ಅಳತೆಪಟ್ಟಿಯನ್ನು ಸುತ್ತಿಟ್ಟೆನು. ತಿಂಗಳೊಂದು ಆ ಮಾತೆತ್ತಲಿಲ್ಲ. ಬಳಿಕ ಒಂದು ಬೆಳಗ್ಗೆ ನೋಡಿದರೆ, ಎಣ್ಣೆಯ ಬಟ್ಟಲು, ಮಣೆ, ಅಗ್ಗಿಷ್ಟಿಕೆಗಳನ್ನು ಹೊರಗಿಟ್ಟು ಅವಳೇ ಆ ಕೋಣೆಯನ್ನು ಗುಡಿಸುತ್ತಿದ್ದಳು. ನಾನೇನೂ ಕೇಳಲಿಲ್ಲ.

ಬಡಗಿಯು ದೊಡ್ಡದೊಂದು ಮೇಜನ್ನು ಸೂಚಿಸಿದನು. ಆದರೆ ಗೋಡೆಗೊತ್ತಿದ ಮೇಜು ಎರಡೂವರೆ ಅಡಿಗಿಂತ ಅಗಲವಾದರೆ, ಆಚೆಯಂಚಿನಲ್ಲಿ ಹಳಿತಪ್ಪಿದ ಡಬ್ಬಿಗೆ ಕೈ ಎಟುಕದು. ಆದಕಾರಣ ಗೋಡೆಯುದ್ದಕ್ಕೂ ಸುತ್ತಲು ಒಂದೂವರೆ ಅಡಿಯ ಹಲಗೆ, ಮೂಲೆಗೊಂದು ತ್ರಿಕೋನದ ತುಂಡು, ನಡುವೆ ನಿಲ್ಲಲು ಎಡೆ, ಬಾಗಿಲ ಬಳಿ ಎತ್ತಿಡಬಹುದಾದ ಸೇತುವೆ. ಪೆಟ್ಟಿಗೆಯಲ್ಲಿದ್ದ ತಿರುವುಗಳ ತ್ರಿಜ್ಯ ಸುಮಾರು 36 ಸೆಂಟಿಮೀಟರು ಮಾತ್ರ. ಈಗ ಅದಕ್ಕಿಂತ ವಿಶಾಲವಾಗಿ ಬಳಸಿಹೋಗಲು ಅವಕಾಶವಾಗಿ, ನೀಳವಾದ ಡಬ್ಬಿಗಳೂ ಸರಾಗವಾಗಿ ಹೊರಳುತ್ತವೆ.

ತೊಲೆಯಲ್ಲಿರುವ ತೊಟ್ಟಿಲ ಕೊಂಡಿಯನ್ನು ಮಾತ್ರ ಅವಳು ಕೀಳಗೊಡಲಿಲ್ಲ. ಕತ್ತಲೆಯ ಕೋಣೆಯಷ್ಟೆ, ದೀಪವನ್ನು ಅದಕ್ಕೇ ಇಳಿಬಿಟ್ಟಿದ್ದೇವೆ. ಮೊನ್ನೆ ಸಂಜೆ ಒಂದು ಡಬ್ಬಿ ಮಗುಚಿತು. ನಾನು ಅದನ್ನೆತ್ತಲು ಕೈ ಚಾಚಿದಾಗ, ಬಾಗಿಲಲ್ಲಿ ನಿಂತಿದ್ದವಳು “ಮೆಲ್ಲಗೆ, ಮೆಲ್ಲಗೆ” ಎಂದಳು.