ಒಂದು ಗ್ರಾಂ ಚೂರಿನ ಏಟು

ಜೋಳದ ಹೊಲದಾಗ ಹಕ್ಕಿ ಓಡಿಸಾಕ ಕವಣಿ ಬೀಸೋದು ನಮಗೆಲ್ಲ ಗೊತ್ತು. ಕೈಯಿಂದ ಒಗೆದ ಕಲ್ಲಿಗಿಂತ ಕವಣಿ ಕಲ್ಲಿನ ಏಟು ಜೋರು. ಕಲ್ಲು ಅದೇ, ವೇಗ ಹೆಚ್ಚು. ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟು ಆಗುತ್ತದೆ.

ಬಾಹ್ಯಾಕಾಶದಲ್ಲಿ ಹಳೆಯ ರಾಕೆಟ್, ಉಪಗ್ರಹಗಳ ಚೂರುಗಳು ಭೂಮಿಯನ್ನು ಸುತ್ತುತ್ತಿವೆ. ಅವು ನೌಕೆಗೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್. ಅಂದರೆ ರಾಯಚೂರಿನಿಂದ ಮಾನ್ವಿಗೆ ಐದೇ ಸೆಕೆಂಡು! ನಾನು ಲೆಕ್ಕ ಮಾಡಿದೆ. ಒಂದು ಗ್ರಾಂ ಚೂರಿನ ಏಟು, 1000 ಕಿಲೋ ತೂಕದ ಗಾಡಿ ತಾಸಿಗೆ 36 ಕಿಲೋಮೀಟರ್ ವೇಗದಾಗ ಬಂದು ಗುದ್ದಿದಷ್ಟು!

2001ರಲ್ಲಿ ನಮ್ಮ ದೇಶದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಕೊನೆಯ ಹಂತವೂ ಮೇಲೆ ಒಡೆದು ನೂರಾರು ಚೂರಾಯಿತು. ಈಗ ಬೆಂಗಳೂರಿನಲ್ಲಿ ಇಸ್ರೋದವರು ಇಂಥ ಚೂರುಗಳ ದಾರಿಯನ್ನು ಮೊದಲೇ ಲೆಕ್ಕ ಹಾಕುತ್ತಾರೆ. 2023ರಲ್ಲಿ ಡಿಕ್ಕಿ ತಪ್ಪಿಸಲು ಚಂದ್ರಯಾನ-3 ಅನ್ನು 4 ಸೆಕೆಂಡು ತಡಮಾಡಿ ಹಾರಿಸಿದರು.

ಆದರೆ ಭಾಳ ಸಣ್ಣ ಚೂರು ರಾಡಾರಿಗೆ ಕಾಣೋದಿಲ್ಲ. ಅದು ಬಡಿದರೆ ಎಷ್ಟು ತೂತು ಬೀಳಬಹುದು ಎಂದು ವಿಜ್ಞಾನಿಗಳು ಮೊದಲೇ ಲೆಕ್ಕ ಮಾಡುತ್ತಾರೆ. ಮನುಷ್ಯರಿರುವ ಬಾಹ್ಯಾಕಾಶ ನಿಲ್ದಾಣದ ಗೋಡೆಯ ಹೊರಗೆ ಸ್ವಲ್ಪ ಜಾಗ ಬಿಟ್ಟು ತೆಳು ತಗಡು ಹಾಕಿದ್ದಾರೆ. ಚೂರು ಅದಕ್ಕೆ ಬಡಿದು ಪುಡಿಯಾಗುತ್ತದೆ, ಒಳಗಿನವರ ಜೀವ ಉಳಿಯುತ್ತದೆ.

ಚೂರು 2 ಗ್ರಾಂ ಇದ್ದರೆ ಏಟು ಎಷ್ಟು? ನೀವೂ ಲೆಕ್ಕ ಮಾಡಿ ನೋಡಿ.