ಬಹುಮಾನದ ಪ್ರಬಂಧ

ಕಥಾಸ್ಪರ್ಧೆ, ಪ್ರಬಂಧಸ್ಪರ್ಧೆಗಳಿಗೆ ಬರೆಯಹೊರಟ ಮಕ್ಕಳು ಆಗಾಗ ನಮ್ಮಲ್ಲಿಗೆ ಬಂದು, "ಗುರುಗಳೇ, ಬಹುಮಾನ ಬರಬೇಕಾದರೆ ಹೇಗೆ ಬರೆಯಬೇಕು?" ಎಂದು ಕೇಳುವುದುಂಟು. ಉತ್ತರಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಅವರ ಮುಂದೆ ಇಡುವುದು ನ್ಯಾಯವೆಂದು ನಮಗೆ ತೋರುತ್ತದೆ.

ನಾವು ಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದ ಕಾಲವದು. ವಯಸ್ಸು ಹದಿನೈದು. ಶಾಲೆಯಲ್ಲಿ ಮಳೆಗಾಲವನ್ನು ಕುರಿತು ಪ್ರಬಂಧಸ್ಪರ್ಧೆ ಏರ್ಪಟ್ಟಿತು. ನಾವು ನಾಲ್ಕಾರು ಪುಸ್ತಕಗಳಿಂದ ಸೊಗಸಾದ ವಾಕ್ಯಗಳನ್ನು ಆಯ್ದು ಪೋಣಿಸಿದೆವು. ಅದರಲ್ಲಿ ನವಿಲಿನ ನರ್ತನವೂ ಬಂದಿತು. ಅದುವರೆಗೆ ನಾವು ನವಿಲನ್ನೇ ಕಂಡಿರಲಿಲ್ಲ. ನಮ್ಮ ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯನಾದರೋ, ಮಣ್ಣಿನ ಮಾಳಿಗೆ ಸೋರಿದ ರಾತ್ರಿ ತನ್ನ ತಾಯಿಯು ಜೋಳದ ಚೀಲವನ್ನು ಮೂಲೆಯಿಂದ ಮೂಲೆಗೆ ಎಳೆದಾಡಿದುದನ್ನು ಒಂದೂವರೆ ಪುಟದಲ್ಲಿ ಬರೆದಿದ್ದನು. ಮೊದಲ ಬಹುಮಾನ ನಮಗೆ ಬಂದಿತು. ಅವನಿಗೆ ಏನೂ ಬರಲಿಲ್ಲ. ಮಠದ ಗುರುಗಳು ನಮ್ಮ ಪ್ರಬಂಧವನ್ನು ಓದಿಸಿ ಕೇಳಿ, "ಇದರಲ್ಲಿ ನೀನು ಕಂಡದ್ದು ಯಾವುದಪ್ಪಾ?" ಎಂದರು. ನಾವು ತಲೆ ತಗ್ಗಿಸಿದೆವು. ಗೆಳೆಯನು ಮುಂದೆ ಯಾವ ಸ್ಪರ್ಧೆಗೂ ಬರೆಯಲಿಲ್ಲ. ಅವನಿಗೆ ನಿಜವನ್ನು ಹೇಳುವ ಧೈರ್ಯ ನಮಗೆ ಬರಲಿಲ್ಲ.

ಆದುದರಿಂದ ಮಕ್ಕಳೇ, ನೀವು ಕಂಡುದನ್ನು ಬರೆಯಿರಿ. 12ನೆಯ ಶತಮಾನದ ಶರಣರಲ್ಲಿ ಬಹುಮಂದಿ ತಮ್ಮ ಇಷ್ಟದೈವದ ಹೆಸರನ್ನು ವಚನಕ್ಕೆ ಅಂಕಿತವಾಗಿಸಿಕೊಂಡರು. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರು ಮಾತ್ರ ತಮ್ಮ ಹೆಸರನ್ನೇ ಅಂಕಿತವಾಗಿಟ್ಟರು. ನಿಮ್ಮ ಬರಹದ ಕೆಳಗೆ ಹೆಸರನ್ನು ಬರೆಯುವಾಗ, ಅದರ ಪ್ರತಿಯೊಂದು ಮಾತಿಗೂ ನೀವೇ ಹೊಣೆಯೆಂಬುದನ್ನು ನೆನೆಯಿರಿ.

ಮನೆಮಾತಿಗೆ ನಾಚಬೇಡಿರಿ. ಕುವೆಂಪು ಅವರು ಮೊದಮೊದಲು ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು 1924ರಲ್ಲಿ ಅವುಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದರು. ಕನ್ನಡಕ್ಕೆ ಅದರಿಂದಾದ ಲಾಭ ಎಲ್ಲರಿಗೂ ತಿಳಿದಿದೆ.

ಸ್ಪರ್ಧೆಯ ನಿಯಮಗಳನ್ನು ಎರಡು ಬಾರಿ ಓದಿರಿ. ಪದಗಳ ಮಿತಿಯನ್ನೂ ಕೊನೆಯ ದಿನಾಂಕವನ್ನೂ ಮೀರಬೇಡಿರಿ. ಬರೆದುದನ್ನು ಎರಡು ದಿನ ಬದಿಗಿಟ್ಟು, ಅನಂತರ ಅಜ್ಜಿಗೋ ತಂಗಿಗೋ ಗಟ್ಟಿಯಾಗಿ ಓದಿ ಹೇಳಿರಿ. ಅವರು ಎಲ್ಲಿ ಆಕಳಿಸುವರೋ ಅಲ್ಲಿ ನಿಮ್ಮ ಬರಹ ಸಡಿಲವಾಗಿದೆಯೆಂದು ತಿಳಿಯಿರಿ. ಕೊನೆಯಲ್ಲಿ ನೀತಿಯನ್ನು ಅಂಟಿಸಬೇಡಿರಿ. ಆ ಕೆಲಸಕ್ಕೆ ನಮ್ಮಂಥವರು ಇದ್ದೇವೆ.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ಮಗುವಿನ ವಾಕ್ಯಗಳನ್ನು ನೀವು ತಿದ್ದಿ ಬರೆಯಬೇಡಿರಿ. ಕೇಳಿದೊಡನೆ ಪ್ರಬಂಧವನ್ನು ಹೆಣೆದುಕೊಡುವ ಯಂತ್ರವೂ ಈಗ ಮೊಬೈಲಿನೊಳಗೆ ಬಂದಿದೆ. ನಾವು ಕದಿಯಲು ಗ್ರಂಥಾಲಯದವರೆಗಾದರೂ ನಡೆಯಬೇಕಾಗಿತ್ತು. ಇಂದಿನ ಮಗುವಿಗೆ ಆ ಶ್ರಮವೂ ಇಲ್ಲ. ಬಹುಮಾನ ತಪ್ಪಿದರೂ ಚಿಂತೆಯಿಲ್ಲ, ಬರಹ ಅದರದೇ ಆಗಿರಲಿ.

ಅಂದು ಬಹುಮಾನವಾಗಿ ಬಂದ ಪುಸ್ತಕ ಇಂದಿಗೂ ನಮ್ಮ ಕಪಾಟಿನಲ್ಲಿದೆ. ಈ ಮಾಸಪತ್ರಿಕೆ ಆ ಗೆಳೆಯನ ಮನೆಗೂ ಹೋಗುತ್ತದೆ. ಅವನು ಇದನ್ನು ಓದಿದರೆ, ಪುಸ್ತಕವನ್ನು ತಂದುಕೊಡಲು ನಾವು ಯಾವ ದಿನ ಬರಬಹುದೆಂದು ತಿಳಿಸಲಿ.